ಚಿಕ್ಕ ವಿಮಾನ ಕಂಪನಿಯನ್ನು ನಂಬಬಹುದಾ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿರಾಜಪೇಟೆ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಟಿಕೆಟ್ ಅಂಗಡಿ ಇದೆ. ಅಂಗಡಿ ಅಂದರೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮೂರು ಕುರ್ಚಿ. ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ, ಹಾಗಾಗಿ ಒಂದು ಯುಪಿಎಸ್. ಅದಕ್ಕೂ ಮೊದಲು ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಎಂಜಿನ್ ಕೆಲಸ ಮಾಡಿದವನು ನಾನು. ಈ ಎರಡೂ ಗೊತ್ತಿರುವ ಜನ ಟಿಕೆಟ್ ತೆಗೆಯುವ ಮುಂಚೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಸಾರ್, ಆ ಕಂಪನಿ ಹೇಗೆ?" ಎಂದು ಶುರು ಮಾಡುತ್ತಾರೆ.

"ಆ ಕಂಪನಿ" ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಎರಡೋ ಮೂರೋ ವಿಮಾನ, ಕೈಯಲ್ಲಿ ದುಡ್ಡಿಲ್ಲ ಎಂಬ ಸುದ್ದಿ, ವಾರಕ್ಕೆರಡು ಸಲ ಕ್ಯಾನ್ಸಲ್. ಇಂಥದ್ದು ಒಂದು ಮುಚ್ಚಿದರೆ ಇನ್ನೊಂದು ಬರುತ್ತದೆ. ಕೇಳುವ ಪ್ರಶ್ನೆಗಳು ಮಾತ್ರ ಅವೇ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಬರೆದಿಟ್ಟರೆ ತೋರಿಸಬಹುದು ಅಂತ ಕೂತೆ.

ಕೊಡಗಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ. ನಮಗೆ ಇದೆಲ್ಲ ಯಾಕೆ?

ಇಲ್ಲದಿರುವುದರಿಂದಲೇ ಬೇಕು. ಬೆಂಗಳೂರಿನವನ ವಿಮಾನ ರದ್ದಾದರೆ ಅವನು ಟ್ಯಾಕ್ಸಿ ಹಿಡಿದು ಮನೆಗೆ ಹೋಗಿ ಮಲಗುತ್ತಾನೆ. ನಾವು ಆಗಲೇ ಘಾಟಿ ಇಳಿದಿರುತ್ತೇವೆ. ಮಡಿಕೇರಿಯಿಂದ ಮೈಸೂರಿನ ಮಂಡಕಳ್ಳಿಗೆ ಸುಮಾರು 120 ಕಿ.ಮೀ. ಸಂಪಾಜೆ ಘಾಟಿ ಇಳಿದು ಮಂಗಳೂರಿನ ಬಜ್ಪೆಗೆ ಹೋದರೆ ಇನ್ನೂ ಸ್ವಲ್ಪ ಜಾಸ್ತಿ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಇಳಿದರೆ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ, ಹೆಚ್ಚೂಕಡಿಮೆ 60 ಕಿ.ಮೀ. ಅದು ಶುರುವಾದದ್ದು 2018ರ ಡಿಸೆಂಬರ್‌ನಲ್ಲಿ. ಅದೇ ವರ್ಷದ ಮಳೆಯಲ್ಲಿ ಸಂಪಾಜೆಯ ದಾರಿಯೂ ಮಾಕುಟ್ಟದ ದಾರಿಯೂ ಕುಸಿದದ್ದನ್ನು ಯಾರೂ ಮರೆತಿಲ್ಲ. ದೇವನಹಳ್ಳಿಗಾದರೆ ಹಿಂದಿನ ರಾತ್ರಿಯೇ ಹೊರಡಬೇಕು.

ಈ ನಾಲ್ಕರಲ್ಲಿ ಚಿಕ್ಕ ಕಂಪನಿ ನಿಮಗೆ ಸಿಗುವುದು ಮುಖ್ಯವಾಗಿ ಮೈಸೂರಿನಲ್ಲಿ. ಅಲ್ಲಿನ ರನ್‌ವೇ ಸುಮಾರು 1.7 ಕಿ.ಮೀ. ಮಾತ್ರ. ದೊಡ್ಡ ಜೆಟ್‌ಗಳಿಗೆ ಅದು ಸಾಲುವುದಿಲ್ಲ, ಎಟಿಆರ್ ತರಹದ, ರೆಕ್ಕೆಯಲ್ಲಿ ಫ್ಯಾನ್ ಇರುವ ಚಿಕ್ಕ ವಿಮಾನಕ್ಕೆ ಸರಿ. 2010ರಲ್ಲಿ ಕಿಂಗ್‌ಫಿಷರ್ ಅಲ್ಲಿಗೆ ಬಂತು, ಒಂದು ವರ್ಷದ ಆಸುಪಾಸಿನಲ್ಲಿ ಹೋಯಿತು. 2017ರಲ್ಲಿ ಟ್ರೂಜೆಟ್ ಬಂತು, 2022ರಲ್ಲಿ ಕಂಪನಿಯೇ ನಿಂತುಹೋಯಿತು. ಹಾಗಾಗಿ ನಮ್ಮವರಿಗೆ ಈ ಅನುಭವ ಹೊಸದೇನಲ್ಲ.

ಆ ಕಂಪನಿಯ ಹೆಸರು ಪೂರ್ತಿ ಕೆಟ್ಟಿದೆಯಂತೆ. ನಿಜವಾ?

ಯಾವುದು ಕೆಟ್ಟಿದೆ ಅಂತ ಮೊದಲು ಕೇಳಿ. ಟೈಮಿಗೆ ಬರುವುದಿಲ್ಲ ಅನ್ನುವುದು ಒಂದು. ರದ್ದಾದ ಟಿಕೆಟ್ ದುಡ್ಡು ವಾಪಸ್ ಕೊಡುವುದಿಲ್ಲ ಅನ್ನುವುದು ಇನ್ನೊಂದು. ವಿಮಾನವೇ ಸರಿ ಇಲ್ಲ ಅನ್ನುವುದು ಮೂರನೆಯದು. ಜನ ಮೂರನ್ನೂ ಒಂದೇ ಮೂಟೆ ಕಟ್ಟಿಬಿಡುತ್ತಾರೆ. ಮೊದಲಿನ ಎರಡು ಇಂಥ ಕಂಪನಿಗಳಲ್ಲಿ ಸಾಮಾನ್ಯವಾಗಿ ನಿಜವೇ. ದಿನಾ ನೋಡುತ್ತೇನೆ. ಮೂರನೆಯದಕ್ಕೆ ಮಾತ್ರ ಹೇಳುವವನ ಹತ್ತಿರ ಗಾಳಿಸುದ್ದಿ ಬಿಟ್ಟರೆ ಬೇರೇನೂ ಇರುವುದಿಲ್ಲ.

ನನ್ನದೇ ಕಥೆ ಕೇಳಿ. ಅಕ್ಕನ ಮಗನ ಮದುವೆ ಚೆನ್ನೈಯಲ್ಲಿ. ನಾನು, ಹೆಂಡತಿ, ಅತ್ತೆ, ಮೂವರಿಗೂ ಮೈಸೂರಿನಿಂದ ಟಿಕೆಟ್. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋದರೆ ಕೌಂಟರ್‌ನಲ್ಲಿ ಒಬ್ಬ ಹುಡುಗ ಮಾತ್ರ ಇದ್ದ. "ಇವತ್ತು ಇಲ್ಲ ಸಾರ್" ಅಂದ. ರಾತ್ರಿ ರೈಲು ಹಿಡಿದು ಹೋಗುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ದುಡ್ಡು ಬಂದದ್ದು ನಾಲ್ಕು ತಿಂಗಳ ಮೇಲೆ. ಅತ್ತೆ ಇವತ್ತಿಗೂ ಆ ವಿಷಯ ಎತ್ತುತ್ತಾರೆ, ತಪ್ಪು ನನ್ನದೇ ಎಂಬಂತೆ. ಕೋಪ ನನಗೂ ಇದೆ. ಆದರೆ ಆ ಕೋಪದಲ್ಲಿ "ಅದೊಂದು ಡಬ್ಬಾ ವಿಮಾನ" ಅಂದರೆ ಸುಳ್ಳಾಗುತ್ತದೆ. ಅವತ್ತು ನಾನು ಆ ವಿಮಾನವನ್ನು ನೋಡಲೇ ಇಲ್ಲ. ಬಂದಿದ್ದರೆ ತಾನೇ ನೋಡುವುದು?

ಫ್ಯಾನ್ ಇರುವ ವಿಮಾನ ಅಂದರೆ ಹಳೇ ಕಾಲದ್ದು ಅಲ್ವಾ?

ಅಲ್ಲ. ಆ ಫ್ಯಾನ್ ತಿರುಗಿಸುವುದು ಒಳಗಿರುವ ಟರ್ಬೈನ್ ಎಂಜಿನ್. ಜೆಟ್‌ನಲ್ಲಿ ಇರುವ ಜಾತಿಯದೇ. ಎಟಿಆರ್ 72 ಅನ್ನುವುದು ಫ್ರಾನ್ಸ್ ಮತ್ತು ಇಟಲಿಯ ಕಂಪನಿಗಳು ಸೇರಿ ಮಾಡುವ, ಸುಮಾರು 70 ಸೀಟಿನ ವಿಮಾನ. ಈಗಲೂ ಹೊಸದಾಗಿ ತಯಾರಾಗುತ್ತಿದೆ. ಇಂಡಿಗೋದಂಥ ದೊಡ್ಡ ಕಂಪನಿಯೂ ಅದನ್ನೇ ಹಾರಿಸುತ್ತದೆ. ಒಂದು ಗಂಟೆಯ ದಾರಿಗೆ ಜೆಟ್‌ಗಿಂತ ಕಡಿಮೆ ಇಂಧನ ಕುಡಿಯುತ್ತದೆ, ಚಿಕ್ಕ ರನ್‌ವೇಯಲ್ಲೂ ಇಳಿಯುತ್ತದೆ.

ಜಾಸ್ತಿ ಎತ್ತರ ಹೋಗುವುದಿಲ್ಲ, ಅದಕ್ಕೇ ಮೋಡದ ನಡುವೆ ಕುಲುಕಾಟ ಜಾಸ್ತಿ. ಜೂನ್, ಜುಲೈಯಲ್ಲಿ ಪಶ್ಚಿಮ ಘಟ್ಟದ ಮೇಲೆ ಹೋದವರು "ಬಿದ್ದೇ ಹೋಗುತ್ತಿತ್ತು" ಅಂತ ಬಂದು ಹೇಳುತ್ತಾರೆ. ಇಲ್ಲ ಮಾರಾಯ್ರೇ, ಗೋಣಿಕೊಪ್ಪದ ರಸ್ತೆಯಲ್ಲಿ ಜೀಪು ಕುಲುಕಿದರೆ ಜೀಪು ಕೆಟ್ಟಿದೆ ಅನ್ನುತ್ತೀರಾ?

ವಿಮಾನದ ವಯಸ್ಸೂ ಅಷ್ಟೇ. ಇಪ್ಪತ್ತು ವರ್ಷದ ವಿಮಾನವನ್ನು ಸರಿಯಾಗಿ ನೋಡಿಕೊಂಡರೆ ಅದು ಹಾರುತ್ತದೆ. ಒಳಗೆ ಸೀಟಿನ ಬಟ್ಟೆ ಹರಿದಿದ್ದರೆ ಅದು ಕಂಪನಿಯ ಜೇಬಿನ ಸುದ್ದಿ ಹೇಳುತ್ತದೆ, ಎಂಜಿನ್ ಸುದ್ದಿ ಅಲ್ಲ.

ಚಿಕ್ಕ ಕಂಪನಿಗೆ ನಿಯಮದಲ್ಲಿ ರಿಯಾಯಿತಿ ಇದೆಯಾ?

ಸುರಕ್ಷತೆಯ ವಿಷಯದಲ್ಲಿ ಇಲ್ಲ. ಪರವಾನಗಿ ಕೊಡುವುದು ಡಿಜಿಸಿಎ. ದೆಹಲಿಯಲ್ಲಿರುವ ಕೇಂದ್ರ ಸರ್ಕಾರದ ಕಚೇರಿ. ಪೈಲಟ್ ಪರೀಕ್ಷೆ, ಎಂಜಿನಿಯರ್ ಲೈಸೆನ್ಸ್, ರಿಪೇರಿ ಶೆಡ್ಡಿಗೆ ಮಾನ್ಯತೆ, ಪ್ರತಿ ವಿಮಾನಕ್ಕೂ ಹಾರಲು ಯೋಗ್ಯ ಎಂಬ ಪತ್ರ, ಎಲ್ಲ ಅವರದೇ. ಮುನ್ನೂರು ವಿಮಾನ ಇರುವವನಿಗೂ ಮೂರು ಇರುವವನಿಗೂ ಅದೇ ಪುಸ್ತಕ.

ಹಾಗಂತ ಡಿಜಿಸಿಎ ಇದೆಯಲ್ಲ ಅಂತ ಕಣ್ಣು ಮುಚ್ಚಿಕೊಂಡು ಕೂರುವುದೂ ಸರಿಯಲ್ಲ. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ನಮ್ಮ ಡಿಜಿಸಿಎಯನ್ನೇ ಎರಡನೇ ದರ್ಜೆಗೆ ಇಳಿಸಿತ್ತು. ತರಬೇತಿ ಪಡೆದ ತಪಾಸಣಾಧಿಕಾರಿಗಳು ಸಾಕಷ್ಟಿಲ್ಲ ಎಂಬುದು ದೊಡ್ಡ ದೂರು. ಜನ ತುಂಬಿಕೊಂಡ ಮೇಲೆ 2015ರ ಏಪ್ರಿಲ್‌ನಲ್ಲಿ ಮತ್ತೆ ಮೊದಲ ದರ್ಜೆ ಬಂತು. ಪರೀಕ್ಷೆ ಮಾಡುವವರಿಗೂ ಪರೀಕ್ಷೆ ಇರುತ್ತದೆ ಅಂತ ಗೊತ್ತಿರಲಿ.

ದುಡ್ಡಿಲ್ಲದ ಕಂಪನಿ ರಿಪೇರಿಯಲ್ಲಿ ಕೈ ಬಿಗಿ ಹಿಡಿಯುವುದಿಲ್ವಾ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು, ಆದರೆ ಕೇಳುವುದು ಹತ್ತರಲ್ಲಿ ಒಬ್ಬರು.

ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಕಾಫಿ ತೋಟದವನಿಗೆ ಕಷ್ಟ ಬಂದರೆ ಮೊದಲು ಏನು ನಿಲ್ಲುತ್ತದೆ? ಮನೆಗೆ ಸುಣ್ಣಬಣ್ಣ. ಆಮೇಲೆ ಗೊಬ್ಬರ ಒಂದು ಸಲ ತಪ್ಪುತ್ತದೆ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದು, ಮುಂದಿನ ವರ್ಷಕ್ಕೆ ಹೋಗುತ್ತದೆ. ಆಮೇಲೆ ವಾರದ ಬಟವಾಡೆ ಹದಿನೈದು ದಿನಕ್ಕೆ ಜಾರುತ್ತದೆ. ಕೊನೆಗೆ ತೋಟದ ನೆರಳಿನ ಸಿಲ್ವರ್ ಓಕ್ ಮರ ಕಡಿದು ಮಾರುತ್ತಾರೆ. ಸಿಲ್ವರ್ ಲಾರಿ ಹತ್ತಿದ ದಿನ ಊರಿಗೆಲ್ಲ ಗೊತ್ತಾಗುತ್ತದೆ.

ವಿಮಾನ ಕಂಪನಿಯಲ್ಲೂ ಹೀಗೇ ಒಂದು ಕ್ರಮ ಇದೆ. ಮೊದಲು ತಿಂಡಿ ನಿಲ್ಲುತ್ತದೆ, ಕೌಂಟರ್‌ನಲ್ಲಿ ಮೂವರಿದ್ದ ಕಡೆ ಒಬ್ಬನಾಗುತ್ತಾನೆ. ಆಮೇಲೆ ಬಿಡಿಭಾಗ ಕೊಡುವವನ ಬಾಕಿ. ಆಮೇಲೆ ಸಂಬಳ, ಪಿಎಫ್. ಕೊನೆಗೆ ವಿಮಾನದ ಬಾಡಿಗೆ. ಈ ಕಂಪನಿಗಳಲ್ಲಿ ವಿಮಾನ ಸ್ವಂತದ್ದಲ್ಲ, ಬಹುಪಾಲು ಲೀಸ್ ಮೇಲೆ ತಂದದ್ದು. ಬಾಡಿಗೆ ನಿಂತರೆ ಮಾಲೀಕ ಬಂದು ವಿಮಾನ ಎಳೆದುಕೊಂಡು ಹೋಗುತ್ತಾನೆ. ಅದು ಸಿಲ್ವರ್ ಲಾರಿ ಹತ್ತಿದ ಹಾಗೆ.

ರಿಪೇರಿ ಈ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ? ಅಲ್ಲೇ ಸ್ವಲ್ಪ ಸಮಾಧಾನ ಇರುವುದು. ವಿಮಾನದ ಸರ್ವಿಸ್ ಕಾರಿನ ಸರ್ವಿಸ್ ತರಹ ಅಲ್ಲ, ಮುಂದಿನ ತಿಂಗಳು ನೋಡೋಣ ಅನ್ನಲು ಬರುವುದಿಲ್ಲ. ಇಷ್ಟು ಗಂಟೆ ಹಾರಿದ ಮೇಲೆ, ಇಷ್ಟು ಸಲ ಇಳಿದ ಮೇಲೆ, ಇಷ್ಟು ತಿಂಗಳಾದ ಮೇಲೆ ಅಂತ ಪ್ರತಿ ಭಾಗಕ್ಕೂ ಲೆಕ್ಕ ಬರೆದಿರುತ್ತದೆ. ಗಡುವು ಮುಗಿದ ವಿಮಾನ ಕಾಗದದ ಮೇಲೆ ಸತ್ತ ಹಾಗೆ. ಅದನ್ನು ಬಿಡುಗಡೆ ಮಾಡಬೇಕಾದರೆ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೇಕು. ಆ ಲೈಸೆನ್ಸ್ ಕಂಪನಿಯದಲ್ಲ, ಅವನದು. ನಾಳೆ ಕಂಪನಿ ಮುಚ್ಚಿದರೂ ಅವನು ಅದರಲ್ಲೇ ಅನ್ನ ತಿನ್ನಬೇಕು. ಹಾಗಾಗಿ ದುಡ್ಡಿಲ್ಲದ ಕಂಪನಿಯಲ್ಲಿ ಸಾಮಾನ್ಯವಾಗಿ ಕೆಟ್ಟ ವಿಮಾನ ಹಾರುವುದಿಲ್ಲ, ನಿಲ್ಲುತ್ತದೆ. ನಿಮಗೆ "ಕಾರ್ಯಾಚರಣೆಯ ಕಾರಣದಿಂದ ರದ್ದು" ಅಂತ ಮೆಸೇಜ್ ಬರುತ್ತದೆ. ಬೈಯಿರಿ, ಬೈಯುವ ಹಕ್ಕಿದೆ. ಆದರೆ ಯಾರೋ ಒಬ್ಬ ಸಹಿ ಹಾಕಲಿಲ್ಲ ಅನ್ನುವುದೂ ಅದರ ಅರ್ಥ ಇರಬಹುದು.

ಹಾಗಾದರೆ ಭಯವೇ ಬೇಡವಾ? ಬೇಕು, ಆದರೆ ಜನ ಹುಡುಕುವ ಜಾಗದಲ್ಲಿ ಅಲ್ಲ. ಬಿಡಿಭಾಗ ತರಿಸಲು ದುಡ್ಡಿಲ್ಲದಾಗ ನಿಂತಿರುವ ವಿಮಾನದಿಂದ ಬಿಚ್ಚಿ ಹಾರುವ ವಿಮಾನಕ್ಕೆ ಹಾಕುತ್ತಾರೆ. ಇದು ಕಾನೂನುಬಾಹಿರ ಅಲ್ಲ, ನಮ್ಮ ವಾಯುಪಡೆಯಲ್ಲೂ ಮಾಡಿದ್ದೇವೆ. ಆದರೆ ಒಂದು ಕೆಲಸ ಇದ್ದದ್ದು ಎರಡಾಗುತ್ತದೆ, ಎರಡು ಕಡೆ ಕಾಗದ ಬರೆಯಬೇಕು, ತಪ್ಪಾಗುವ ಜಾಗವೂ ಎರಡು. ಅದಕ್ಕಿಂತ ನನಗೆ ಭಯ ಅನುಭವಸ್ಥರು ಬಿಟ್ಟು ಹೋಗುವುದು. ಸಂಬಳ ತಡವಾದರೆ ಮೊದಲು ಹೋಗುವವನು ಬೇರೆ ಕಡೆ ಕೆಲಸ ಸಿಗುವವನು, ಅಂದರೆ ಒಳ್ಳೆಯ ಕೆಲಸಗಾರ. ಉಳಿದವರು ಎರಡು ಪಾಳಿ ಮಾಡುತ್ತಾರೆ. ರಾತ್ರಿ ಮೂರು ಗಂಟೆಗೆ, ನಿದ್ದೆಗಣ್ಣಲ್ಲಿ, ಬೆಳಿಗ್ಗೆ ಆರಕ್ಕೆ ವಿಮಾನ ಬಿಡಲೇಬೇಕು ಅಂತ ಮ್ಯಾನೇಜರ್ ಪಕ್ಕದಲ್ಲಿ ನಿಂತಿದ್ದಾಗ "ಆಗಲ್ಲ" ಅನ್ನಲು ಗಟ್ಟಿ ಮನುಷ್ಯ ಬೇಕು. ನಾನು ಆ ಜಾಗದಲ್ಲಿ ನಿಂತಿದ್ದೇನೆ. ನಮಗೆ ಸಂಬಳ ತಪ್ಪುತ್ತಿರಲಿಲ್ಲ, ಆದರೂ ಕಷ್ಟವಾಗುತ್ತಿತ್ತು.

2012ರಲ್ಲಿ ಕಿಂಗ್‌ಫಿಷರ್‌ನಲ್ಲಿ ಆದದ್ದು ನೆನಪಿದೆಯಾ? ತಿಂಗಳುಗಟ್ಟಲೆ ಸಂಬಳ ಇಲ್ಲದೆ ಎಂಜಿನಿಯರುಗಳು ಕೆಲಸ ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು, ಡಿಜಿಸಿಎ ಪರವಾನಗಿಯನ್ನು ಅಮಾನತು ಮಾಡಿತು. ಅವರು ಸಹಿ ಹಾಕುತ್ತಾ ಹೋಗುವುದಕ್ಕಿಂತ ಅದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ.

ಏನೋ ಕೆಟ್ಟಿದೆ ಅಂದರು, ಆದರೂ ಹಾರಿಸಿದರು. ಹಾಗೆ ಮಾಡಬಹುದಾ?

ಮಾಡಬಹುದು. ಯಾವ ಯಾವ ಭಾಗ ಕೆಟ್ಟಿದ್ದರೆ ಹಾರಬಹುದು, ಎಷ್ಟು ದಿನ ಹಾರಬಹುದು ಅಂತ ಪ್ರತಿ ವಿಮಾನಕ್ಕೂ ಒಂದು ಪಟ್ಟಿ ಇದೆ. ಎಂಇಎಲ್ ಅನ್ನುತ್ತಾರೆ. ಕೆಲವು ಭಾಗಕ್ಕೆ 3 ದಿನ, ಕೆಲವಕ್ಕೆ 10 ದಿನ, ಇನ್ನು ಕೆಲವಕ್ಕೆ 120 ದಿನ. ಓದುವ ಲೈಟು ಉರಿಯದಿದ್ದರೆ ಯಾರೂ ವಿಮಾನ ನಿಲ್ಲಿಸುವುದಿಲ್ಲ. ಒಂದು ಕೆಲಸಕ್ಕೆ ಎರಡು ಯಂತ್ರ ಇದ್ದು ಒಂದು ಕೆಟ್ಟಿದ್ದರೆ ಕೆಲವು ಷರತ್ತು ಹಾಕಿ ಬಿಡುತ್ತಾರೆ.

ಬಡ ಕಂಪನಿಯಲ್ಲಿ ಹೀಗೆ ಮುಂದೂಡಿದ ರಿಪೇರಿಗಳ ಪಟ್ಟಿ ಉದ್ದವಾಗುತ್ತದೆ. ಒಂದೊಂದೂ ನಿಯಮದ ಒಳಗೇ ಇರುತ್ತದೆ. ಹತ್ತು ಸೇರಿದರೆ ಪೈಲಟ್‌ಗೆ ತಲೆನೋವು. ತಪಾಸಣೆಗೆ ಬಂದವರು ಮೊದಲು ನೋಡುವ ಪುಟಗಳಲ್ಲಿ ಇದೂ ಒಂದು.

ಪೈಲಟ್‌ಗೆ ಸಂಬಳ ಆಗಿಲ್ಲವಂತೆ. ಅವನು ಕುಡಿದು ಹಾರಿಸಿದರೆ?

ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಮಾತ್ರ ಇಷ್ಟು ಕಾಳಜಿಯಿಂದ ಕೇಳುತ್ತಾರೆ! ಹಾರಾಟಕ್ಕೆ ಮುಂಚೆ 12 ಗಂಟೆ ಕುಡಿಯುವ ಹಾಗಿಲ್ಲ. ಹತ್ತುವ ಮೊದಲು ಉಸಿರು ಪರೀಕ್ಷೆ. ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳು ಲೈಸೆನ್ಸ್ ಅಮಾನತು, ಎರಡನೇ ಸಲ 3 ವರ್ಷ, ಮೂರನೇ ಸಲ ಲೈಸೆನ್ಸೇ ಹೋಗುತ್ತದೆ.

ಕುಡಿತಕ್ಕಿಂತ ನಿದ್ದೆಯ ಬಗ್ಗೆ ಚಿಂತೆ ಮಾಡಿ. ದಿನಕ್ಕೆ ಎಷ್ಟು ಗಂಟೆ, ಎಷ್ಟು ಸಲ ಇಳಿಸಬಹುದು, ವಾರಕ್ಕೆ ಎಷ್ಟು ವಿಶ್ರಾಂತಿ ಅಂತ ನಿಯಮ ಇದೆ. ವಾರದ ವಿಶ್ರಾಂತಿ ಮೊದಲು 36 ಗಂಟೆ ಇತ್ತು, 2025ರಲ್ಲಿ 48 ಆಯಿತು. ಚಿಕ್ಕ ಕಂಪನಿಯ ಪೈಲಟ್ ದಿನಕ್ಕೆ ನಾಲ್ಕೈದು ಸಲ ಏರಿ ಇಳಿಯುತ್ತಾನೆ. ದುಬೈಗೆ ನೇರ ಹೋಗುವವನಿಗಿಂತ ಅದು ಸುಸ್ತಿನ ಕೆಲಸ.

ಯಾಕೆ ಅಷ್ಟು ಸಲ ಕ್ಯಾನ್ಸಲ್ ಆಗುತ್ತದೆ?

ಒಂದೇ ಬಸ್ ಇಟ್ಟುಕೊಂಡು ವಿರಾಜಪೇಟೆ, ಮಡಿಕೇರಿ, ಸೋಮವಾರಪೇಟೆ, ಮತ್ತೆ ವಾಪಸ್ ಓಡಿಸುವ ಮಾಲೀಕನನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಪಂಚರ್ ಆದರೆ ಸಂಜೆಯ ಟ್ರಿಪ್ಪೂ ಹೋಯಿತು. ದೊಡ್ಡ ಕಂಪನಿಗೆ ಬದಲಿ ವಿಮಾನ ಇರುತ್ತದೆ, ಚಿಕ್ಕದಕ್ಕೆ ಇರುವುದಿಲ್ಲ. ಬೆಳಿಗ್ಗೆ ಹೈದರಾಬಾದಿನಲ್ಲಿ ಮಂಜು ಕವಿದರೆ ಮಧ್ಯಾಹ್ನ ಮೈಸೂರಿನಲ್ಲಿ ನೀವು ಕಾಯುತ್ತೀರಿ. ಅದಕ್ಕೇ ನನ್ನ ಸಲಹೆ: ಇಂಥ ಕಂಪನಿಯಲ್ಲಿ ಹೋಗಲೇಬೇಕಾದರೆ ದಿನದ ಮೊದಲ ಹಾರಾಟ ತೆಗೆದುಕೊಳ್ಳಿ. ಹಿಂದಿನ ರಾತ್ರಿಯೇ ವಿಮಾನ ಅಲ್ಲಿ ಬಂದು ನಿಂತಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಕಾರಣ ಯಾರಿಗೂ ಹೊಳೆಯುವುದಿಲ್ಲ. ಬಿಸಿಲು ಜಾಸ್ತಿ ಇದ್ದರೆ ಗಾಳಿ ತೆಳುವಾಗುತ್ತದೆ, ಚಿಕ್ಕ ರನ್‌ವೇಯಿಂದ ಪೂರ್ತಿ ಭಾರ ಹೊತ್ತು ಏಳಲು ಕಷ್ಟ. ಆಗ ಕೆಲವರನ್ನೋ ಕೆಲವು ಲಗೇಜನ್ನೋ ಬಿಟ್ಟು ಹೋಗುತ್ತಾರೆ. ಊರಿನಿಂದ ಹೊತ್ತ ಕಿತ್ತಳೆ ಬುಟ್ಟಿ ಮರುದಿನ ಬರುತ್ತದೆ.

ಕಂಪನಿ ಮುಳುಗುತ್ತಿದೆ ಅಂತ ಮೊದಲೇ ತಿಳಿಯುವುದು ಹೇಗೆ?

ಸುದ್ದಿ ಬರುವ ಹೊತ್ತಿಗೆ ತಡವಾಗಿರುತ್ತದೆ. ನಾನು ನೋಡುವುದು ಬೇರೆ. ಮೂರು ತಿಂಗಳ ಆಚೆಯ ಟಿಕೆಟನ್ನು ಇದ್ದಕ್ಕಿದ್ದಂತೆ ಅರ್ಧ ಬೆಲೆಗೆ ಮಾರುತ್ತಿದ್ದಾರಾ? ಅಂದರೆ ಇವತ್ತಿನ ಡೀಸೆಲಿಗೆ ನಾಳಿನ ಫಸಲು ಅಡ ಇಟ್ಟ ಹಾಗೆ. ವೇಳಾಪಟ್ಟಿಯಲ್ಲಿ ಐದು ಊರು ಇದ್ದದ್ದು ಮೂರಾಯಿತಾ? ರಿಫಂಡ್ ಬದಲು ವೋಚರ್ ತಗೊಳ್ಳಿ ಅಂತ ಒತ್ತಾಯ ಮಾಡುತ್ತಾರಾ? ಏಜೆಂಟರಿಗೆ ಫೋನ್ ಎತ್ತುತ್ತಿದ್ದ ಹುಡುಗಿ ಕೆಲಸ ಬಿಟ್ಟಳಾ? ಈ ಕೊನೆಯದು ಪತ್ರಿಕೆಯಲ್ಲಿ ಬರುವುದಿಲ್ಲ, ನಮಗೆ ಗೊತ್ತಾಗುತ್ತದೆ.

ಡಿಜಿಸಿಎ ಪ್ರತಿ ತಿಂಗಳೂ ಒಂದು ವರದಿ ಹಾಕುತ್ತದೆ. ಯಾವ ಕಂಪನಿ ಎಷ್ಟು ಶೇಕಡ ರದ್ದು ಮಾಡಿತು, ಯಾಕೆ, ಹತ್ತು ಸಾವಿರ ಪ್ರಯಾಣಿಕರಿಗೆ ಎಷ್ಟು ದೂರು, ಎಲ್ಲ ಅದರಲ್ಲಿ ಇದೆ. ಬಿಟ್ಟಿ ಸಿಗುತ್ತದೆ. ಒಂದು ತಿಂಗಳದ್ದು ನೋಡಬೇಡಿ, ನಾಲ್ಕೈದು ತಿಂಗಳದ್ದು ಪಕ್ಕಪಕ್ಕ ಇಟ್ಟು ನೋಡಿ. ರದ್ದಿನ ಲೆಕ್ಕ ಏರುತ್ತಾ ಇದ್ದು, ಕಾರಣ ಹವಾಮಾನ ಅಲ್ಲದೆ ತಾಂತ್ರಿಕ ಅಂತ ಇದ್ದರೆ ಹುಷಾರು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಏರ್ ಪೆಗಾಸಸ್. ಬೆಂಗಳೂರಿನ ಕಂಪನಿ, 2015ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಹಾರಿ ಶುರು ಮಾಡಿತು. 2016ರ ಜುಲೈಯಲ್ಲಿ ನಿಂತಿತು. ಲೀಸಿನ ಬಾಕಿಯೇ ಕುತ್ತಿಗೆಗೆ ಬಂದದ್ದು.

ಮುಚ್ಚಿಹೋದರೆ ನನ್ನ ದುಡ್ಡು?

ಸುಳ್ಳು ಹೇಳುವುದಿಲ್ಲ, ಬರುವುದು ಕಷ್ಟ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಮತ್ತೆ ಹಾರುತ್ತದೆ, ಹಾರುತ್ತದೆ ಅಂತ ಐದು ವರ್ಷ ಕಳೆದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಾರಿ ಸಾಲ ತೀರಿಸಿ ಅಂತ ಆದೇಶ ಮಾಡಿತು. ಗೋ ಫಸ್ಟ್ 2023ರ ಮೇ 3ರಿಂದ ನಿಂತಿತು. ಮೊದಲು ಮೂರು ದಿನ ಮಾತ್ರ ರದ್ದು ಅಂದರು. ಆ ಮೂರು ದಿನ ಮುಗಿಯಲೇ ಇಲ್ಲ. ಅವರು ದೂರಿದ್ದು ಎಂಜಿನ್ ಕೊಡುವ ಕಂಪನಿಯನ್ನು. ದಿವಾಳಿ ಪ್ರಕ್ರಿಯೆಯಲ್ಲಿ ಸಾಲ ಕೊಟ್ಟ ಬ್ಯಾಂಕು ಮುಂದೆ ನಿಲ್ಲುತ್ತದೆ, ಟಿಕೆಟ್ ಕೊಂಡ ನೀವು ಸಾಲಿನ ಹಿಂದೆ.

ಇರುವ ಒಂದೇ ಒಳ್ಳೆ ದಾರಿ ಕ್ರೆಡಿಟ್ ಕಾರ್ಡ್. ಸೇವೆ ಸಿಗಲಿಲ್ಲ ಅಂತ ಬ್ಯಾಂಕಿಗೆ ಬರೆದು ದುಡ್ಡು ವಾಪಸ್ ಕೇಳಬಹುದು, ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಗಡುವು ಇರುತ್ತದೆ, ತಡ ಮಾಡಬೇಡಿ. ಯುಪಿಐನಲ್ಲಿ ಕಟ್ಟಿದ್ದಕ್ಕೆ ಇದು ಇಷ್ಟು ಸುಲಭ ಅಲ್ಲ. ನನ್ನ ಕೈಗೆ ನಗದು ಕೊಟ್ಟರೆ ನಾನು ರಸೀದಿ ಕೊಡುತ್ತೇನೆ, ಆದರೆ ದುಡ್ಡು ಆಗಲೇ ಕಂಪನಿಗೆ ಹೋಗಿರುತ್ತದೆ. ಆಮೇಲೆ ನನ್ನ ಅಂಗಡಿ ಮುಂದೆ ನಿಂತು ಜಗಳ ಆಡಿದರೆ ಪಕ್ಕದ ಬೇಕರಿಯವನಿಗೆ ವ್ಯಾಪಾರ, ಅಷ್ಟೇ.

ರದ್ದಾದರೆ, ತಡವಾದರೆ ನಿಯಮದಲ್ಲಿ ಏನು ಸಿಗಬೇಕು?

ರದ್ದು ಮಾಡಿದ್ದನ್ನು ಮೊದಲೇ ತಿಳಿಸದಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು, ಅದರ ಜೊತೆಗೆ ಪರಿಹಾರ. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಗೆ 7,500, ಅದಕ್ಕಿಂತ ಜಾಸ್ತಿಗೆ 10,000. ಆದರೆ ನೀವು ಕೊಟ್ಟ ಮೂಲ ದರ ಮತ್ತು ಇಂಧನ ಶುಲ್ಕ ಇದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ಹವಾಮಾನ, ಬಂದ್, ಭದ್ರತೆ ಇಂಥ ಕಾರಣಕ್ಕೆ ಪರಿಹಾರ ಇಲ್ಲ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ಎಲ್ಲ ಕಂಪನಿಗಳಿಗೂ ಎಲ್ಲವೂ ಹವಾಮಾನವೇ ಆಗಿಬಿಡುತ್ತದೆ, ಅದು ಬೇರೆ ಮಾತು. ಅದೇ ಹೊತ್ತಿಗೆ ಬೇರೆ ಕಂಪನಿಯ ವಿಮಾನ ಅದೇ ನಿಲ್ದಾಣದಿಂದ ಎದ್ದಿದ್ದರೆ ಅದರ ಫೋಟೋ, ಟೈಮು ಇಟ್ಟುಕೊಳ್ಳಿ.

ಚಿಕ್ಕ ಹಾರಾಟ ಎರಡು ಗಂಟೆಗಿಂತ ತಡವಾದರೆ ಊಟ, ತಿಂಡಿ ಕೊಡಬೇಕು. ಆರು ಗಂಟೆ ದಾಟುತ್ತದೆ ಅಂದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ದುಡ್ಡು. ಟಿಕೆಟ್ ಇದ್ದೂ ಜಾಗ ಇಲ್ಲ ಅಂತ ಬಿಟ್ಟು ಹೋಗಿ, ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡದಿದ್ದರೆ ದರದ ಎರಡರಷ್ಟು, ಗರಿಷ್ಠ 10,000. ಬದಲಿ ವಿಮಾನ 24 ಗಂಟೆಯ ಮೇಲಾದರೆ ನಾಲ್ಕರಷ್ಟು, ಗರಿಷ್ಠ 20,000. ವೋಚರ್ ಬೇಕೋ ದುಡ್ಡು ಬೇಕೋ ಅನ್ನುವುದು ನಿಮ್ಮ ಇಷ್ಟ, ಅವರದಲ್ಲ. ನೀವೇ ಹೋಗದೆ ಉಳಿದ, ರಿಫಂಡ್ ಇಲ್ಲದ ಅಗ್ಗದ ಟಿಕೆಟ್‌ನಲ್ಲೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕ ವಾಪಸ್ ಬರಬೇಕು. ಇದನ್ನು ಕೇಳುವವರೇ ಇಲ್ಲ.

ದೂರು ಮೊದಲು ಕಂಪನಿಗೆ, ಆಮೇಲೆ ಏರ್‌ಸೇವಾ ಆ್ಯಪ್‌ನಲ್ಲಿ. ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ.

ಉಡಾನ್ ಟಿಕೆಟ್ ಅಗ್ಗ, ಹಾಗಾಗಿ ಗುಣಮಟ್ಟವೂ ಕಡಿಮೆಯಾ?

ಉಡಾನ್ ಅಂದರೆ ಚಿಕ್ಕ ಊರುಗಳಿಗೂ ವಿಮಾನ ಬರಲಿ ಅಂತ ಕೇಂದ್ರ ಸರ್ಕಾರ ಮಾಡಿದ ಯೋಜನೆ. ಅಗ್ಗ ಆಗಿರುವುದು ವಿಮಾನದಲ್ಲಿ ಏನೋ ಉಳಿಸಿದ್ದರಿಂದ ಅಲ್ಲ, ಸರ್ಕಾರ ದುಡ್ಡು ಹಾಕುವುದರಿಂದ. 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ಮೊದಲ ಹಾರಾಟ ಆಯಿತು. ಒಂದು ಗಂಟೆಯ ದಾರಿಗೆ ಅರ್ಧದಷ್ಟು ಸೀಟು ಸುಮಾರು 2,500 ರೂಪಾಯಿಗೆ ಅಂತ ಆಗ ಕಟ್ಟು ಹಾಕಿದರು. ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಅದಕ್ಕೇ ನಾನು ಹೇಳುವುದು: ಹೊಸ ಉಡಾನ್ ದಾರಿ ಶುರುವಾದಾಗ ಖುಷಿಯಿಂದ ಹೋಗಿ, ಮೂರನೇ ವರ್ಷ ಮುಗಿಯುವಾಗ ಹುಷಾರಾಗಿ ಬುಕ್ ಮಾಡಿ.

ದೊಡ್ಡ ಕಂಪನಿಯಲ್ಲೇ ಹೋದರೆ ಚಿಂತೆ ಇಲ್ಲ ಅಲ್ವಾ?

2010ರ ಮೇ 22, ಬಜ್ಪೆಯಲ್ಲಿ ವಿಮಾನ ಬಿದ್ದ ದಿನ. ಕೊಡಗಿನಲ್ಲೂ ಅವತ್ತು ಎಲ್ಲರ ಮನೆಯಲ್ಲಿ ಟಿವಿ ಹಾಕಿತ್ತು. 158 ಜನ ಹೋದರು, 8 ಜನ ಉಳಿದರು. ಅದು ಚಿಕ್ಕ ಖಾಸಗಿ ಕಂಪನಿಯಾಗಿರಲಿಲ್ಲ, ಸರ್ಕಾರಿ ಏರ್ ಇಂಡಿಯಾದ ಅಂಗಸಂಸ್ಥೆ. ವಿಮಾನವೂ ಹಳೆಯದಲ್ಲ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು, ಎತ್ತರ ಜಾಸ್ತಿ ಇದ್ದರೂ ಇಳಿಸಲು ಹೋದರು, ಮತ್ತೆ ಮೇಲೇರೋಣ ಎಂಬ ಸಹಪೈಲಟ್ ಮಾತು ನಡೆಯಲಿಲ್ಲ ಅಂತ ತನಿಖೆ ಹೇಳಿತು.

ಸಮಯದ ವಿಷಯದಲ್ಲೂ ದೊಡ್ಡವರು ದೇವರಲ್ಲ. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿತು. ಪೈಲಟ್ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಜನರನ್ನು ಹೊಂದಿಸಿಕೊಂಡಿರಲಿಲ್ಲ. ಒಂದೇ ವ್ಯತ್ಯಾಸ, ಪ್ರಯಾಣಿಕರ ದುಡ್ಡು ವಾಪಸ್ ಬಂತು.

ನೆಟ್‌ನಲ್ಲಿ ಒಂದೂವರೆ ಸ್ಟಾರ್ ಇದೆ?

ಸಮಯಕ್ಕೆ ಹೊರಟು ಸಮಯಕ್ಕೆ ಇಳಿದವನು ಬರೆಯಲು ಕೂರುವುದಿಲ್ಲ. ಸ್ಟಾರ್ ಬಿಡಿ, ರಿಫಂಡ್ ಎಷ್ಟು ದಿನಕ್ಕೆ ಬಂತು ಅಂತ ದಿನಾಂಕ ಸಮೇತ ಬರೆದವರನ್ನು ಮಾತ್ರ ಓದಿ.

ಮಗ ಗಲ್ಫ್‌ಗೆ ಹೋಗಬೇಕು. ಮೈಸೂರಿನಿಂದ ಚಿಕ್ಕ ವಿಮಾನ, ಅಲ್ಲಿಂದ ದೊಡ್ಡದು. ಮಾಡಬಹುದಾ?

ಎರಡೂ ಒಂದೇ ಟಿಕೆಟ್‌ನಲ್ಲಿ ಇದ್ದರೆ ಮಾಡಿ. ಬೇರೆ ಬೇರೆ ಟಿಕೆಟ್ ಆಗಿದ್ದರೆ ಬೇಡ. ಮೊದಲನೆಯದು ರದ್ದಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಸಂಬಂಧವೇ ಇಲ್ಲ. ಇಂಥ ಹುಡುಗರನ್ನು ನಾನು ಕಣ್ಣೂರಿಗೆ ಕಳಿಸುತ್ತೇನೆ, ಇಲ್ಲವೇ ರಾತ್ರಿ ಬಸ್ಸಿಗೆ ಹತ್ತಿಸುತ್ತೇನೆ. ಹುತ್ತರಿ ಹಬ್ಬಕ್ಕೆ ರಜೆ ಹಾಕಿ ಬರುವ ನಮ್ಮ ಸೈನಿಕರಿಗೂ ಅದೇ ಮಾತು. ಬರುವಾಗ ಏನಾದರೂ ಮಾಡಿ, ವಾಪಸ್ ಡ್ಯೂಟಿಗೆ ಹೋಗುವಾಗ ಒಂದು ದಿನ ಮುಂಚೆಯೇ ಹೊರಡಿ.

ಕುಶಾಲನಗರದ ಹತ್ತಿರ ಏರ್‌ಸ್ಟ್ರಿಪ್ ಆದರೆ?

ಆ ಮಾತು ವರ್ಷಗಳಿಂದ ಕೇಳುತ್ತಿದ್ದೇನೆ. ಆದರೂ ಅಲ್ಲಿಗೆ ಬರುವುದು ಒಂಬತ್ತೋ ಹತ್ತೊಂಬತ್ತೋ ಸೀಟಿನ ವಿಮಾನ, ತರುವುದು ಇಂಥದ್ದೇ ಒಂದು ಕಂಪನಿ. ಈ ಪುಟವನ್ನು ಆಗ ಇನ್ನೊಮ್ಮೆ ಓದಿ.

ಎಲ್ಲ ಸರಿ ಸಾರ್, ನಿಮ್ಮ ಮಗಳನ್ನು ಆ ವಿಮಾನ ಹತ್ತಿಸುತ್ತೀರಾ?

ಹೋದ ತಿಂಗಳು ಹತ್ತಿಸಿದೆ. ರಜೆಗೆ ಸುಮ್ನೆ ಗೆಳತಿಯ ಮನೆಗೆ ಹೋಗುತ್ತಿದ್ದಳು, ಒಂದು ದಿನ ಆಚೀಚೆ ಆದರೂ ನಷ್ಟ ಇರಲಿಲ್ಲ. ಬೆಳಗಿನ ಹಾರಾಟ, ಕಾರ್ಡ್‌ನಲ್ಲಿ ದುಡ್ಡು, ಕೈಚೀಲ ಮಾತ್ರ. ಮುಂದಿನ ವಾರ ಅವಳಿಗೆ ಅದೇ ಊರಿನಲ್ಲಿ ಕೆಲಸದ ಸಂದರ್ಶನ ಇದೆ. ಅದಕ್ಕೆ ರೈಲಿನಲ್ಲಿ ಸೀಟು ಕಾದಿರಿಸಿದ್ದೇನೆ.